ಅದು ಹಠವಲ್ಲ, ಕಾಯಿಲೆ ಕಣ್ರೀ!

ಮೋಟಾರ್ ನ್ಯೂರಾನ್ ಕಾಯಿಲೆಯಿಂದ ಕೈಕಾಲು ಸೋತ ಗಂಡನಿಗೆ ತುತ್ತಿಡುತ್ತೀರಿ, ಸ್ನಾನ ಮಾಡಿಸುತ್ತೀರಿ. ಅದಕ್ಕೆಲ್ಲ ನೀವು ಬೇಸರಪಡುವವರಲ್ಲ. ಆದರೆ ನಿಮಗೆ ಜ್ವರ ಬಂದಾಗ ಅವರು ‘ಹೇಗಿದ್ದೀಯಾ’ ಅಂತಲೂ ಕೇಳದೆ ಟೀವಿ ನೋಡುತ್ತಾ ಕೂತರೆ? ‘ಇಷ್ಟೆಲ್ಲಾ ಮಾಡಿದ್ರೂ ಇವರಿಗೆ ಕರುಣೆ ಇಲ್ವಲ್ಲ’ ಅನ್ನಿಸುತ್ತದೆ, ಅಲ್ವೇ?

‘ಈ ಕಾಯಿಲೆಯಲ್ಲಿ ದೇಹ ಸೋತರೂ ಬುದ್ಧಿ ಚುರುಕು’ ಎಂದೇ ನಾವೆಲ್ಲ ಕೇಳಿದ್ದೇವೆ. 1963ರಲ್ಲಿ ಕಾಯಿಲೆ ಪತ್ತೆಯಾಗಿ, 2018ರವರೆಗೆ ಬದುಕಿದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅದಕ್ಕೆ ಉದಾಹರಣೆ. ಎಲ್ಲರ ಕಥೆ ಹಾಗಲ್ಲ. ಇದರ ಸಾಮಾನ್ಯ ರೂಪವಾದ ಎಎಲ್‌ಎಸ್ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಯೋಚನೆ, ನಡವಳಿಕೆಯಲ್ಲಿ ವ್ಯತ್ಯಾಸ ಕಾಣುತ್ತದೆ. ನೂರಕ್ಕೆ 10ರಿಂದ 15 ಮಂದಿಗೆ ಫ್ರಾಂಟೊಟೆಂಪೊರಲ್ ಡಿಮೆನ್ಷಿಯಾ ಎಂಬ ಮರೆಗುಳಿತನದ ಜಾತಿಯ ಕಾಯಿಲೆಯೂ ಇರುತ್ತದೆ.

ವಿಚಿತ್ರ ಏನು ಗೊತ್ತಾ? ಇದರಲ್ಲಿ ನೆನಪು ಬಹಳ ಕಾಲ ಚೆನ್ನಾಗಿಯೇ ಇರಬಹುದು. ಹಾಗಾಗಿಯೇ ಮನೆಯವರು ‘ಬೇಕಂತಲೇ ಮಾಡ್ತಾರೆ’ ಅಂದುಕೊಳ್ಳುವುದು. ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇನ್ನೊಬ್ಬರ ನೋವು ತಿಳಿಯದಿರುವುದು, ಹಿಡಿದದ್ದೇ ಹಠ, ಸಿಹಿಯ ಚಪಲ, ಬಾಯಿ ತುಂಬ ತುರುಕಿಕೊಳ್ಳುವುದು – ಇವೆಲ್ಲ ಮಿದುಳಿನ ಮುಂಭಾಗ ಸೊರಗಿದ ಗುರುತುಗಳು. ಕಾರಣವಿಲ್ಲದೆ ತಡೆಯಲಾಗದಂತೆ ಅಳು, ನಗು ಬರುವುದೇ ಬೇರೆ. ಅದು ಡಿಮೆನ್ಷಿಯಾ ಅಲ್ಲ, ಔಷಧದಿಂದ ಹತೋಟಿಗೆ ತರಬಹುದು.

ಒಮ್ಮೆಗೆ ಒಂದೇ ಪ್ರಶ್ನೆ ಕೇಳಿ. ‘ಏನು ತಿಂತೀರಿ?’ ಅನ್ನುವ ಬದಲು ‘ಇಡ್ಲಿನಾ, ಉಪ್ಪಿಟ್ಟಾ?’ ಅನ್ನಿ. ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಇರುವುದರಿಂದ ತಟ್ಟೆಗೆ ಸ್ವಲ್ಪ ಸ್ವಲ್ಪವೇ ಬಡಿಸಿ. ಬ್ಯಾಂಕು, ಆಸ್ತಿ, ಮುಂದಿನ ಚಿಕಿತ್ಸೆಯ ವಿಚಾರಗಳನ್ನು ಅವರು ತಾವೇ ನಿರ್ಧರಿಸಬಲ್ಲಾಗಲೇ ಮಾತಾಡಿ ಮುಗಿಸಿ. ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ ಇದ್ದರೆ ರಾತ್ರಿ ಉಸಿರಾಟ ಸಾಲದೆ ಮಂಕು ಕವಿದಿರಬಹುದು. ಅದಕ್ಕೆ ಪರಿಹಾರ ಉಂಟು, ತಡಮಾಡದೆ ವೈದ್ಯರಿಗೆ ತಿಳಿಸಿ.

ನನ್ನನ್ನು ಕೇಳಿದರೆ, ವೈದ್ಯರು ರೋಗಿಯ ಕೈಕಾಲಿನ ಬಲ ನೋಡಿದಷ್ಟೇ ಶ್ರದ್ಧೆಯಿಂದ ಹೆಂಡತಿಯನ್ನು ಪಕ್ಕಕ್ಕೆ ಕರೆದು ‘ಇವರ ಸ್ವಭಾವ ಬದಲಾಗಿದೆಯಾ?’ ಅಂತ ವಿಚಾರಿಸಲೇಬೇಕು. ಅವರು ಕೇಳದಿದ್ದರೆ ನೀವೇ ಚೀಟಿಯಲ್ಲಿ ಬರೆದುಕೊಂಡು ಹೋಗಿ ಹೇಳಿ. ಇದು ಗಂಡನ ಮೇಲೆ ಚಾಡಿ ಹೇಳಿದಂತಲ್ಲ. ಅತ್ತೆ, ನಾದಿನಿಯರಿಗೂ ವೈದ್ಯರಿಂದಲೇ ಹೇಳಿಸಿ. ‘ನೀನು ಸರಿಯಾಗಿ ನೋಡ್ಕೊಳ್ತಿಲ್ಲ’ ಅನ್ನುವ ಬಾಯಿಗಳು ಆಗಲಾದರೂ ಮುಚ್ಚಿ, ವಾರಕ್ಕೊಂದು ಮಧ್ಯಾಹ್ನ ಅವರೇ ಬಂದು ಕೂರಲಿ. ಆ ಹೊತ್ತು ನೀವು ಕಣ್ತುಂಬ ನಿದ್ದೆ ಮಾಡಿ. ಅದರಲ್ಲಿ ತಪ್ಪೇನೂ ಇಲ್ಲ.