ಹೆಗಲು ಮುಟ್ಟಿ ನೋಡಿಕೊಳ್ಳುವವರು

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ವಿಡಂಬನೆಯ ಮರ್ಮವೆಲ್ಲ ಈ ಒಂದು ಗಾದೆಯಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ. ಹಾಸ್ಯಗಾರನು ನಮ್ಮನ್ನು ನಗಿಸಿ ಮನೆಗೆ ಕಳುಹಿಸುತ್ತಾನೆ. ವಿಡಂಬನಕಾರನಾದರೋ ನಗಿಸುತ್ತ ನಗಿಸುತ್ತಲೇ ‘ಕಳ್ಳ!’ ಎಂದು ಕೂಗಿಬಿಡುತ್ತಾನೆ. ಆಗ ಯಾರ ಕೈ ಯಾರ ಹೆಗಲಿಗೆ ಹೋಗುತ್ತದೆ ಎಂಬುದೇ ಪ್ರಶ್ನೆ. ಪಕ್ಕದವನ ಹೆಗಲನ್ನು ತೋರಿಸಿ ನಗುವಂತೆ ಮಾಡುವುದು ಸುಲಭ. ಓದುಗನ ಕೈ ಓದುಗನ ಹೆಗಲಿಗೇ ಹೋಗುವಂತೆ ಮಾಡುವುದು ಕಷ್ಟ. ಕಳೆದ ರಜೆಯಲ್ಲಿ ಓದಿದ ಮೂರು ಇಂಗ್ಲಿಷ್ ಕಾದಂಬರಿಗಳನ್ನು ಈ ಒಂದೇ ಒರೆಗಲ್ಲಿಗೆ ತಿಕ್ಕಿ ನೋಡುವುದು ನನ್ನ ಉದ್ದೇಶ. ವಿಮರ್ಶಕನ ಪಟ್ಟ ನನಗೆ ಬೇಡ. ಓದುಗನ ಹಕ್ಕಷ್ಟೇ ಸಾಕು.

ಮೊದಲನೆಯದು ಅರವಿಂದ ಅಡಿಗರ ‘ದಿ ವೈಟ್ ಟೈಗರ್’. ೨೦೦೮ರಲ್ಲಿ ಪ್ರಕಟವಾಗಿ ಅದೇ ವರ್ಷ ಬುಕರ್ ಪ್ರಶಸ್ತಿಯನ್ನು ಪಡೆದ ಈ ಕಾದಂಬರಿಯ ಕರ್ತೃ ಮಂಗಳೂರಿನಲ್ಲಿ ಬೆಳೆದವರು. ಕಥಾನಾಯಕ ಬಲರಾಮ ಹಲ್ವಾಯಿ ಉತ್ತರದ ಬಡಹಳ್ಳಿಯೊಂದರಿಂದ ದೆಹಲಿಗೆ ಬಂದ ಕಾರು ಚಾಲಕ. ಯಜಮಾನನನ್ನು ಕೊಂದು, ಅವನ ಹಣದ ಚೀಲದೊಡನೆ ಬೆಂಗಳೂರಿಗೆ ಓಡಿಬಂದು, ಹೊರಗುತ್ತಿಗೆ ಕಂಪನಿಗಳ ರಾತ್ರಿ ಪಾಳಿಯವರನ್ನು ಸಾಗಿಸುವ ಟ್ಯಾಕ್ಸಿಗಳ ಒಡೆಯನಾದ ಈ ಮಹಾಶಯ, ತನ್ನ ಏಳಿಗೆಯ ಕಥೆಯನ್ನು ಆಗಿನ ಚೀನಾ ಪ್ರಧಾನಿಗೆ ಪತ್ರರೂಪದಲ್ಲಿ ಏಳು ರಾತ್ರಿ ಹೇಳುತ್ತಾನೆ. ಚುನಾವಣೆ, ಆಸ್ಪತ್ರೆ, ಶಾಲೆ, ಪೋಲೀಸು, ಇವನ ನಾಲಗೆಗೆ ಸಿಕ್ಕಿ ಚಿಂದಿಯಾಗದ ಸಂಸ್ಥೆಯೇ ಇಲ್ಲ. ಯಜಮಾನನ ಹೆಂಡತಿ ಕುಡಿದು ಕಾರು ನಡೆಸಿ ಅಪಘಾತವಾದಾಗ, ಕಾರು ನಡೆಸುತ್ತಿದ್ದವನು ತಾನೇ ಎಂದು ಬಲರಾಮನಿಂದ ರುಜು ಹಾಕಿಸಿಕೊಳ್ಳುವ ಪ್ರಸಂಗವನ್ನು ಓದಿ ನನ್ನ ರಕ್ತ ಕುದಿಯಿತು. ಈ ಜನ ಎಂಥವರಪ್ಪ ಎಂದುಕೊಂಡೆ.

ಅಂದು ರಾತ್ರಿ ಹಾಸ್ಟೆಲಿನ ಊಟದ ಮನೆಯಲ್ಲಿ ಕುಳಿತಿದ್ದಾಗ, ನನ್ನಷ್ಟೇ ವಯಸ್ಸಿನ ಬಡಿಸುವ ಹುಡುಗನಿಗೆ ‘ಲೋ, ಸಾರು ತಾರೋ’ ಎಂದು ಕೂಗಿದೆ. ಎರಡು ವರ್ಷಗಳಿಂದ ಹಾಗೆಯೇ ಕೂಗುತ್ತಿದ್ದೇನೆ. ಅವನ ಹೆಸರು ನನಗೆ ತಿಳಿಯದೆಂಬುದು ಆ ದಿನ ಮೊದಲ ಸಲ ಹೊಳೆಯಿತು. ಕೈ ಹೆಗಲಿಗೆ ಹೋದದ್ದು ಆಗ.

ಈ ಕೃತಿಯ ಮೇಲೆ ಇರುವ ದೊಡ್ಡ ಆಕ್ಷೇಪಣೆಯೆಂದರೆ, ನಮ್ಮ ಮನೆಯ ಹುಳುಕನ್ನು ಪರದೇಶದವರ ಮುಂದೆ ಹರಡಿ ಕೀರ್ತಿ ಗಳಿಸಿತೆಂಬುದು. ನನಗಿದು ಒಪ್ಪಿಗೆಯಿಲ್ಲ. ಹುಳುಕು ಇದ್ದರೆ ಯಾರ ಮುಂದೆ ಹೇಳಿದರೂ ಹುಳುಕೇ. ನನ್ನ ಆಕ್ಷೇಪಣೆ ಬೇರೆ. ಇಂಗ್ಲಿಷ್ ಬಾರದೆಂದು ತಾನೇ ಹೇಳಿಕೊಳ್ಳುವ ಚಾಲಕನ ಬಾಯಲ್ಲಿ ಅಷ್ಟು ಚತುರವಾದ ಇಂಗ್ಲಿಷ್ ಮಾತುಗಳು ಬರುವಾಗ, ಮಾತನಾಡುತ್ತಿರುವವನು ಬಲರಾಮನೋ ಕೊಲಂಬಿಯಾ, ಆಕ್ಸ್‌ಫರ್ಡ್‌ಗಳಲ್ಲಿ ಓದಿದ ಗ್ರಂಥಕರ್ತರೋ ಎಂಬ ಸಂದೇಹ ಬಿಡುವುದಿಲ್ಲ. ಬಡವನ ಕಥೆಯನ್ನು ಯಾರು, ಯಾರಿಗಾಗಿ ಬರೆಯುತ್ತಾರೆ?

ಇದೇ ಪ್ರಶ್ನೆಯನ್ನು ಇನ್ನೂ ಹರಿತವಾಗಿ ಕೇಳುವುದು ಅಮೆರಿಕದ ಪರ್ಸಿವಲ್ ಎವರೆಟ್ಟರ ‘ಎರೇಷರ್’. ಇದು ೨೦೦೧ರ ಕೃತಿ. ಇದನ್ನು ಆಧರಿಸಿದ ‘ಅಮೆರಿಕನ್ ಫಿಕ್ಷನ್’ ಚಲನಚಿತ್ರ ೨೦೨೩ರಲ್ಲಿ ಬಂದಮೇಲೆ ಬಹು ಮಂದಿಯ ಕೈಗೆ ಬಂದಿತು. ನಾಯಕ ಮಂಕ್ ಎಲಿಸನ್ ಒಬ್ಬ ಕರಿಯ ಪ್ರಾಧ್ಯಾಪಕ. ಗ್ರೀಕ್ ಪುರಾಣಗಳ ಆಧಾರದ ಮೇಲೆ ಗಹನವಾದ ಕಾದಂಬರಿಗಳನ್ನು ಬರೆಯುವವನು. ಅವು ‘ಸಾಕಷ್ಟು ಕರಿಯರ ಬರಹದಂತಿಲ್ಲ’ವೆಂದು ಪ್ರಕಾಶಕರು ಹಿಂದಿರುಗಿಸುತ್ತಾರೆ. ರೋಸಿಹೋದ ಅವನು, ಕರಿಯರ ಕೇರಿಯ ಬಗ್ಗೆ ಬಿಳಿಯರು ಕೇಳಬಯಸುವ ಬಡತನ, ಬೈಗುಳ, ಬಂದೂಕುಗಳನ್ನೆಲ್ಲ ತುಂಬಿ, ಹುಸಿಹೆಸರಿನಲ್ಲಿ ಅಣಕದ ಕಾದಂಬರಿಯೊಂದನ್ನು ಗೀಚಿ ಕಳುಹಿಸುತ್ತಾನೆ. ಅದು ಅಣಕವೆಂದು ಯಾರಿಗೂ ತಿಳಿಯುವುದಿಲ್ಲ! ಲಕ್ಷಗಟ್ಟಲೆ ಡಾಲರು ಬರುತ್ತದೆ. ಕೊನೆಗೆ ತಾನೇ ತೀರ್ಪುಗಾರರಲ್ಲಿ ಒಬ್ಬನಾಗಿರುವ ಸಮಿತಿಯೇ ಆ ಪುಸ್ತಕಕ್ಕೆ ಬಹುಮಾನ ಕೊಡುವುದನ್ನು ಅವನು ತಡೆಯಲಾರದೆ ನೋಡಬೇಕಾಗುತ್ತದೆ. ಇಷ್ಟರ ನಡುವೆ ಮನೆಯಲ್ಲಿ ತಾಯಿ ದಿನದಿನಕ್ಕೆ ನೆನಪನ್ನು ಕಳೆದುಕೊಳ್ಳುತ್ತಿದ್ದಾಳೆ. ವೈದ್ಯೆಯಾಗಿದ್ದ ಸೋದರಿ ಗುಂಡೇಟಿಗೆ ಬಲಿಯಾಗಿದ್ದಾಳೆ. ನಿಜವಾದ ಈ ದುಃಖವನ್ನು ಕೇಳುವವರಿಲ್ಲ. ಸುಳ್ಳು ದುಃಖಕ್ಕೆ ಮಾರುಕಟ್ಟೆಯಿದೆ. ಮೂರರಲ್ಲಿ ಇದೇ ಶ್ರೇಷ್ಠವೆಂದು ನನ್ನ ಮತ.

ಇಲ್ಲಿಯೂ ಹೆಗಲು ಮುಟ್ಟಿ ನೋಡಿಕೊಂಡೆ. ನಮ್ಮ ತರಗತಿಯಲ್ಲಿ ಕೂಲಿಯವರ ಮನೆಯಿಂದ ಬಂದ ಗೆಳೆಯನೊಬ್ಬನಿದ್ದಾನೆ. ಹೋದ ವರ್ಷ ಅವನು ಸಂಚಿಕೆಗೆಂದು ಚದುರಂಗದ ಆಟದ ಮೇಲೆ ಸೊಗಸಾದ ಲೇಖನ ಬರೆದಿದ್ದ. ಓದಿದವರೆಲ್ಲ ‘ಇದೇಕೆ? ನಿನ್ನ ಅನುಭವ ಬರೆಯಪ್ಪ, ನಿಮ್ಮ ಮನೆಯ ಕಷ್ಟ ಬರೆ, ಜನ ಮೆಚ್ಚುತ್ತಾರೆ’ ಎಂದರು. ಅವನು ಮಾತಾಡದೆ ಕಾಗದ ಮಡಿಸಿಕೊಂಡು ಹೋದ. ಹಾಗೆಂದವರಲ್ಲಿ ನಾನೂ ಒಬ್ಬ. ಅದು ಪ್ರೋತ್ಸಾಹವೆಂದೇ ಆಗ ತಿಳಿದಿದ್ದೆ.

ಮೂರನೆಯದು ೨೦೨೩ರಲ್ಲಿ ಬಂದ ‘ಯೆಲ್ಲೋಫೇಸ್’. ಬರೆದವರು ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಆರ್. ಎಫ್. ಕುವಾಂಗ್ ಎಂಬ ಲೇಖಕಿ. ಹೆಸರಾಂತ ಗೆಳತಿ ಅಥೀನಾ ಲಿಯು ಊಟದ ತುಣುಕು ಗಂಟಲಿಗೆ ಸಿಕ್ಕಿ ಕಣ್ಣೆದುರೇ ಸತ್ತಾಗ, ಜೂನ್ ಹೇವರ್ಡ್ ಎಂಬ ಬಿಳಿಯ ಬರಹಗಾರ್ತಿ ಅವಳ ಹಸ್ತಪ್ರತಿಯನ್ನು ಲಪಟಾಯಿಸುತ್ತಾಳೆ. ಮೊದಲನೆಯ ಮಹಾಯುದ್ಧದಲ್ಲಿ ದುಡಿದ ಚೀನೀ ಕೂಲಿಗಳ ಕಥೆ ಅದು. ತಿದ್ದಿದವಳು ನಾನು, ಬೆಳೆಸಿದವಳು ನಾನು, ಆದ್ದರಿಂದ ಇದು ನನ್ನದೇ ಎಂದು ಅವಳು ಪುಟಪುಟಕ್ಕೂ ವಾದಿಸುತ್ತಾಳೆ. ಮೋಜೆಂದರೆ ಒಂದೆರಡು ಕಡೆ ನಾವೂ ತಲೆದೂಗುತ್ತೇವೆ. ಅಂತರ್ಜಾಲದ ಜಗಳಗಳನ್ನು ಬಣ್ಣಿಸುವ ಪುಟಗಳು ಮಾತ್ರ ಅತಿಯಾದವು. ಹತ್ತು ವರ್ಷಗಳಲ್ಲಿ ಅವು ಹಳಸಿಯಾವು. ಆದರೆ ಜೂನಳ ವಾದ ಹಳಸುವಂಥದಲ್ಲ. ಇನ್ನೊಬ್ಬರ ನೋಟ್ಸಿನಿಂದ ಪ್ರಬಂಧವನ್ನು ನಕಲು ಮಾಡಿ, ವಾಕ್ಯದ ಕೊನೆಯ ಕ್ರಿಯಾಪದವನ್ನಷ್ಟೇ ಬದಲಿಸಿ, ‘ನನ್ನದೇ ಸಾರ್’ ಎಂದು ಒಪ್ಪಿಸಿದ ನಮಗೆಲ್ಲ ಅದು ತೀರ ಪರಿಚಿತವಾದ ವಾದ.

ಮೂರೂ ಕೃತಿಗಳಲ್ಲಿ ಕಥೆ ಹೇಳುವವರು ತಪ್ಪಿತಸ್ಥರೇ: ಒಬ್ಬ ಕೊಲೆಗಾರ, ಒಬ್ಬ ವಂಚಕ, ಒಬ್ಬಳು ಕಳ್ಳಿ. ಇದು ಬರಿಯ ತಂತ್ರವಲ್ಲವೆಂದು ನನ್ನ ಭಾವನೆ. ತಪ್ಪಿತಸ್ಥನನ್ನು ದೂರದಲ್ಲಿ ನಿಲ್ಲಿಸಿದರೆ ನಾವು ನ್ಯಾಯಾಧೀಶರಾಗಿ ಕುಳಿತುಬಿಡುತ್ತೇವೆ. ಅವನೇ ಪಕ್ಕದಲ್ಲಿ ಕುಳಿತು, ನಗಿಸಿ, ನಮ್ಮ ಒಪ್ಪಿಗೆಯನ್ನು ಒಂದೊಂದಾಗಿ ಪಡೆಯುತ್ತ ಹೋದರೆ, ಕಡೆಯಲ್ಲಿ ನಾವೂ ಅವನ ಪಾಲುದಾರರಾಗಿರುತ್ತೇವೆ. ವಿಡಂಬನೆಯಿಂದ ಸಮಾಜ ಸುಧಾರಿಸಿತೇ ಎಂದು ಕೇಳುವವರುಂಟು. ಸಮಾಜದ ಮಾತು ನನಗೆ ತಿಳಿಯದು. ಊಟದ ಮನೆಯ ಹುಡುಗನ ಹೆಸರನ್ನು ಮಾತ್ರ ಕೇಳಿ ತಿಳಿದುಕೊಂಡೆ. ಹೇಳುವಾಗ ಅವನಿಗೂ ನಾಚಿಕೆಯಾಯಿತು, ನನಗೂ ಆಯಿತು.

ಗೆಳೆಯನು ಈ ವರ್ಷದ ಸಂಚಿಕೆಗೆ ಏನಾದರೂ ಬರೆದಿದ್ದಾನೋ ಇಲ್ಲವೋ ಅರಿಯೆ. ಬರೆದಿದ್ದರೆ, ಅದು ಚದುರಂಗದ ಮೇಲಿದ್ದರೆ, ಚದುರಂಗದ ಲೇಖನವೆಂದೇ ಓದೋಣ.