ನಾಡಿಯೂ ನಾದವೂ

ರಾತ್ರಿ ದೀಪವಾರಿಸಿ ತಲೆದಿಂಬಿಗೆ ಒರಗಿದೊಡನೆ ನಮ್ಮ ಎಡಗಿವಿಯಲ್ಲಿ ಕಮ್ಮಾರನ ತಿದಿಯೂದಿದಂತಹ ಸದ್ದೊಂದು ಕೇಳಿಸಲಾರಂಭಿಸಿತು. ಅರುವತ್ತರ ವಯೋಧರ್ಮವೆಂದು ಬಗೆದು, ಯಾರಿಗೂ ಹೇಳದೆ ಮೂರು ತಿಂಗಳು ಕಳೆದೆವು. ನಾವು ನಿದ್ರೆಯಿಲ್ಲದೆ ಹೊರಳುವುದನ್ನು ಕಂಡ ನಮ್ಮ ಮನೆಯವರು ಒಂದು ರಾತ್ರಿ ನಮ್ಮ ಕೈನಾಡಿಯನ್ನು ಹಿಡಿದು, ಸದ್ದಾದಾಗಲೆಲ್ಲ ಮಂಚವನ್ನು ಬೆರಳಿನಿಂದ ತಟ್ಟಿರೆಂದರು. ತಟ್ಟಿದೆವು. "ಎರಡೂ ಒಂದೇ ತಾಳ! ನಾಳೆಯೇ ವೈದ್ಯರಲ್ಲಿಗೆ ಹೊರಡಿ" ಎಂದರು.

ಕರ್ಣನಾದವು ಹೊಸ ರೋಗವೇನಲ್ಲ. ಭೇರಿ, ಮೃದಂಗ, ಶಂಖಗಳಂತಹ ಧ್ವನಿಗಳು ಕೇಳಿಸುವುವೆಂದು ಮಾಧವನಿದಾನದಲ್ಲಿ ಹೇಳಿದೆ. ಆದರೆ ಸದಾ ಜುಂಯೆನ್ನುವ ನಾದವೇ ಬೇರೆ, ನಾಡಿಯೊಡನೆ ಮಿಡಿಯುವ ನಾದವೇ ಬೇರೆ. ಎರಡನೆಯದಕ್ಕೆ ಅನೇಕ ವೇಳೆ ಸ್ಕ್ಯಾನಿನಲ್ಲಿ ಕಾಣುವ ಕಾರಣವೊಂದಿರುತ್ತದೆ. ಅಗಲವಾದ ಕಾಲುವೆಯಲ್ಲಿ ಸದ್ದಿಲ್ಲದೆ ಹರಿಯುವ ನೀರು ಇಕ್ಕಟ್ಟಿನಲ್ಲಿ ಮೊರೆಯುವುದಷ್ಟೆ. ರಕ್ತದ ರೀತಿಯೂ ಅದೇ. ಕಿವಿಯ ಹಿಂದಿನ ದೊಡ್ಡ ಸಿರೆಯ ಮೇಲಣ ಎಲುಬು ತೆಳುವಾಗಿರಬಹುದು. ಮಿದುಳಿನಿಂದಿಳಿಯುವ ಸಿರೆಯು ಇಕ್ಕಟ್ಟಾಗಿರಬಹುದು. ಕೊರಳಿನ ಧಮನಿಯಲ್ಲಿ ಕೊಬ್ಬು ಕಟ್ಟಿರಬಹುದು. ರಕ್ತಹೀನತೆಯಿಂದಲೂ ಥೈರಾಯ್ಡ್ ಗ್ರಂಥಿಯ ಅತಿಯಿಂದಲೂ ಹೀಗಾಗುವುದುಂಟು.

ಕೊಬ್ಬನ್ನಿಳಿಸಿದರೆ ಸಾಲದೆ, ಶಸ್ತ್ರವೇಕೆ ಎಂದು ಕೆಲವರು ಕೇಳಬಹುದು. ಎಲುಬಿನ ದೋಷವು ಪಥ್ಯದಿಂದ ಮುಚ್ಚಲಾರದು; ಅದಕ್ಕೆ ಶಸ್ತ್ರವೇ ಬೇಕಾಗಬಹುದು. ಹಾಗೆಯೇ ಶಸ್ತ್ರವೈದ್ಯನು ಎಲುಬನ್ನು ಎಷ್ಟು ಚೆನ್ನಾಗಿ ಮುಚ್ಚಿದರೂ, ಸದ್ದು ಕೊಬ್ಬು ಕಟ್ಟಿದ ಧಮನಿಯದಾಗಿದ್ದರೆ ಅದು ಉಳಿದೇ ಉಳಿಯುವುದು. ಧಮನಿಯನ್ನೇ ತೆರವು ಮಾಡಿದರೂ, ರಕ್ತದ ಕೊಬ್ಬನ್ನು ಹತೋಟಿಯಲ್ಲಿಡದಿದ್ದರೆ ಮತ್ತೊಂದೆಡೆ ಕಟ್ಟಬಹುದು. ಆದುದರಿಂದ ಶಸ್ತ್ರಕ್ರಿಯೆಯ ಫಲವು ಬಹುಮಟ್ಟಿಗೆ ಅದಕ್ಕೆ ಮುಂಚಿನ ರೋಗನಿರ್ಣಯವನ್ನೂ ಅನಂತರದ ಪಥ್ಯವನ್ನೂ ಅವಲಂಬಿಸಿದೆ. ಶಸ್ತ್ರಕ್ಕೆ ಮುನ್ನ ಕೊಬ್ಬಿನ ಮಾತ್ರೆಯನ್ನು ತಾನಾಗಿಯೇ ನಿಲ್ಲಿಸಕೂಡದು.

ನಮ್ಮ ರಕ್ತದಲ್ಲಿ ಕೆಟ್ಟ ಕೊಬ್ಬೆನಿಸಿದ ಎಲ್‌ಡಿಎಲ್ ಡೆಸಿಲೀಟರಿಗೆ 168 ಮಿಲಿಗ್ರಾಂ ಇದ್ದಿತು. ಧಮನಿಯಲ್ಲಿ ಕೊಬ್ಬು ಕಟ್ಟಿದವರಿಗೆ ಅದು 70ಕ್ಕಿಂತ ಕಡಿಮೆಯಿರುವುದು ಲೇಸು. ಕೊರಳಿನ ಎಡಧಮನಿಯು ಸುಮಾರು ಅರ್ಧ ಇಕ್ಕಟ್ಟಾಗಿದ್ದಿತು. ಪಾರ್ಶ್ವವಾಯುವಿನ ಸೂಚನೆ ಕಂಡವರಲ್ಲಿ ಇಕ್ಕಟ್ಟು ನೂರಕ್ಕೆ 70ರಿಂದ 99ರವರೆಗಿದ್ದರೆ ಶಸ್ತ್ರವು ಹಿತವೆಂದು 1991ರಲ್ಲಿ ಉತ್ತರ ಅಮೆರಿಕದ ವೈದ್ಯರು ತೋರಿಸಿದ್ದಾರೆ. ನಮಗೆ ಅಂತಹ ಸೂಚನೆಯಿರಲಿಲ್ಲವಾದುದರಿಂದ ಸ್ಟ್ಯಾಟಿನ್ ಮಾತ್ರೆ, ಮಿತಾಹಾರ, ನಿತ್ಯದ ನಡಿಗೆ ಇವಿಷ್ಟೇ ವಿಧಿಯಾದುವು. ಆರು ತಿಂಗಳಲ್ಲಿ ಎಲ್‌ಡಿಎಲ್ 68ಕ್ಕೆ ಇಳಿದಿದೆ. ಸದ್ದು ಅಡಗಿಲ್ಲ, ಆದರೆ ಅದರ ಕುಲಗೋತ್ರ ತಿಳಿದ ಮೇಲೆ ನಿದ್ರೆ ಬರುತ್ತಿದೆ.

ವಾಚಕರು ಮಂಚ ತಟ್ಟುವ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಕೊರಳನ್ನು ಮಾತ್ರ ಒತ್ತಿ ನೋಡಬಾರದು. ಸದ್ದಿನೊಡನೆ ತಲೆನೋವು ಹೆಚ್ಚಿದರೆ, ದೃಷ್ಟಿ ಮಸುಕಾದರೆ, ಕೈಕಾಲು ಸೋತರೆ ಆ ಕ್ಷಣವೇ ಆಸ್ಪತ್ರೆಗೆ ಹೋಗತಕ್ಕದ್ದು. ಪಾಠಶಾಲೆಯಲ್ಲಿ ಹುಡುಗರು ಅಲ್ಪಪ್ರಾಣ ಮಹಾಪ್ರಾಣಗಳನ್ನು ತಪ್ಪಿದಾಗ ನಾವು ಗದರುತ್ತಿದ್ದೆವು. ಈಗ ನಾವೇ ಆ ಪಾಠವನ್ನು ಕಲಿತಿದ್ದೇವೆ: ರೋಗಕ್ಕೆ ನಿದಾನ ಬೇಕು, ನಿಧಾನ ಕೂಡದು.