ಹೊಳೆಬಾಯಿಯ ಒತ್ತೆಯಾಳು

ಉಡುಪಿಯಿಂದ ಕುಂದಾಪುರದ ಕಡೆಗೆ ಹೆದ್ದಾರಿ ಹಿಡಿದು ಸಾಗುವ ಪ್ರವಾಸಿಗೆ ಬ್ರಹ್ಮಾವರವನ್ನು ದಾಟಿದ ಮೇಲೆ ಸಾಸ್ತಾನ ಎದುರಾಗುತ್ತದೆ. ಅಲ್ಲಿ ಇಳಿದು ನಿಲ್ಲುವವರು ಕಡಿಮೆ. ನಿಂತರೂ ಕಡಲ ಕಡೆಗೆ ತಿರುಗಿ ಹಂಗಾರಕಟ್ಟೆಯವರೆಗೆ ಹೋಗಿ ನೋಡುವವರು ಇನ್ನೂ ಕಡಿಮೆ. ಹೋಗಿ ನೋಡಿದವರಿಗೆ ಅಲ್ಲಿ ಕಾಣುವುದು ಸೀತಾ ಮತ್ತು ಸುವರ್ಣಾ ನದಿಗಳು ಒಂದುಗೂಡಿ ಕಡಲನ್ನು ಸೇರುವ ವಿಶಾಲವಾದ ಅಳಿವೆ, ತೆಂಗಿನ ಸಾಲು, ಮೀನುಗಾರರ ದೋಣಿಗಳು, ಅಕ್ಕಪಕ್ಕದಲ್ಲಿ ಕೈಚಾಚಿ ಮಲಗಿದ ಮರಳದಿಣ್ಣೆ. ಸೀತಾನದಿಯಲ್ಲಿ ಸ್ವಲ್ಪ ದೂರ ಮೇಲಕ್ಕೆ ಹೋದರೆ ಬಾರಕೂರು ಸಿಕ್ಕುತ್ತದೆ. ಒಂದು ಕಾಲಕ್ಕೆ ತುಳುನಾಡಿನ ರಾಜಧಾನಿಯಾಗಿ ಮೆರೆದ ಆ ಊರಿಗೆ ಈ ಅಳಿವೆಯೇ ಹೆಬ್ಬಾಗಿಲಾಗಿತ್ತು.

1340ರ ದಶಕದ ಆರಂಭದಲ್ಲಿ ಒಂದು ದಿನ ಈ ಹೆಬ್ಬಾಗಿಲ ಮುಂದೆ ಸಾಮಾನ್ಯವಲ್ಲದ ಹಡಗುಗಳು ಬಂದು ಲಂಗರು ಹಾಕಿದವು. ಅವು ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನು ಚೀನದ ಚಕ್ರವರ್ತಿಗೆ ಕಳುಹಿಸಿದ ಕಾಣಿಕೆಗಳನ್ನು ಹೊತ್ತು ಗುಜರಾತಿನ ಕರೆಯಿಂದ ಹೊರಟಿದ್ದವು. ಒಂದು ಹಡಗಿನಲ್ಲಿ ಐವತ್ತು ಮಂದಿ ಹುಟ್ಟು ಹಾಕುವವರೂ ಐವತ್ತು ಮಂದಿ ಅಬಿಸೀನಿಯದ ಕಾವಲು ಭಟರೂ ಇದ್ದರು. ರಾಯಭಾರಿಯಾಗಿ ಬಂದವನು ಮೊರಾಕೋ ದೇಶದ ಟಾಂಜಿಯರ್ ಪಟ್ಟಣದಲ್ಲಿ ಹುಟ್ಟಿ, ಮೆಕ್ಕ, ಪರ್ಷಿಯ, ಆಫ್ರಿಕದ ಪೂರ್ವತೀರ, ಮಧ್ಯ ಏಷ್ಯಗಳನ್ನೆಲ್ಲ ಸುತ್ತಿ, ದೆಹಲಿಯಲ್ಲಿ ಕಾಜಿಯಾಗಿದ್ದ ಇಬ್ನ್ ಬತೂತ. ಬಸರೂರಿನಿಂದ ಎರಡು ದಿನ ಪಯಣ ಮಾಡಿ ತಾನು ತಲುಪಿದ ದೊಡ್ಡ ಪಟ್ಟಣವನ್ನು ಅವನು ತನ್ನ ನುಡಿಯಲ್ಲಿ ‘ಫಾಕನೂರ್’ ಎಂದು ಕರೆದಿದ್ದಾನೆ. ಅದು ಬಾರಕನೂರು, ಇಂದಿನ ಬಾರಕೂರು. ಅಲ್ಲಿಯ ಕಬ್ಬಿನ ಸವಿಗೆ ಅವನು ಮಾರುಹೋದನು.

ಹಡಗುಗಳು ನಿಂತೊಡನೆ ನಡೆದ ಸಂಗತಿ ಗಮನಾರ್ಹವಾದುದು. ಊರಿನ ದೊರೆಯ ಹೆಸರನ್ನು ಯಾತ್ರಿಕನು ಬಾಸದೇವ ಎಂದು ಬರೆದುಕೊಂಡಿದ್ದಾನೆ. ವಾಸುದೇವ ಎಂಬುದು ಅರಬ್ಬನ ಕಿವಿಗೆ ಹಾಗೆ ಕೇಳಿಸಿರಬೇಕು. ಆ ದೊರೆ ತನ್ನ ಸ್ವಂತ ಮಗನನ್ನು ಹಡಗಿಗೆ ಕಳುಹಿಸಿದನು. ಅತಿಥಿಗಳು ದಡಕ್ಕೆ ಇಳಿದು, ಊರಿನಲ್ಲಿದ್ದು, ಮರಳಿ ಹಡಗನ್ನೇರುವವರೆಗೆ ಆ ರಾಜಕುಮಾರನು ಹಡಗಿನಲ್ಲಿ ಒತ್ತೆಯಾಳಾಗಿ ಕುಳಿತಿರಬೇಕು! ದಡದಲ್ಲಿ ಅತಿಥಿಗಳ ಕೂದಲು ಕೊಂಕಿದರೆ ಕಡಲಿನಲ್ಲಿ ದೊರೆಯ ವಂಶದ ಕುಡಿಗೆ ಅಪಾಯ. ಈ ಏರ್ಪಾಡಿನ ಮೇಲೆ ರಾಯಭಾರಿ ನಿಶ್ಚಿಂತೆಯಿಂದ ಇಳಿದು ಮೂರು ದಿನಗಳ ಆತಿಥ್ಯವನ್ನು ಸ್ವೀಕರಿಸಿದನು.

ಹೀಗೆ ಮಗನನ್ನು ಒತ್ತೆ ಇಡಬೇಕಾಗಿ ಬಂದುದೇಕೆ? ಇದಕ್ಕೂ ಅದೇ ಬರವಣಿಗೆಯಲ್ಲಿ ಉತ್ತರವಿದೆ. ಈ ದೊರೆಗೆ ಸುಮಾರು ಮೂವತ್ತು ಯುದ್ಧನೌಕೆಗಳಿದ್ದವು. ಅವುಗಳ ನಾಯಕನು ಲೂಲಾ ಎಂಬ ಒಬ್ಬ ಮುಸಲ್ಮಾನ. ಅವನು ವರ್ತಕರನ್ನು ದೋಚುವ ಕಡಲುಗಳ್ಳನೆಂದು ಸ್ವಧರ್ಮೀಯನಾದ ಯಾತ್ರಿಕನೇ ನಿರ್ದಾಕ್ಷಿಣ್ಯವಾಗಿ ಬರೆದಿದ್ದಾನೆ. ಜೊತೆಗೆ ಈ ತೀರದಲ್ಲೆಲ್ಲ ಒಂದು ಕಟ್ಟಳೆ ಇತ್ತು. ಯಾವ ಹಡಗೇ ಆಗಲಿ, ಊರಿನ ಮುಂದೆ ಹಾದುಹೋಗುವಾಗ ಅಲ್ಲಿ ತಂಗಿ, ಒಡೆಯನಿಗೆ ಕಾಣಿಕೆ ಸಲ್ಲಿಸಬೇಕು. ಅದಕ್ಕೆ ‘ಬಂದರಿನ ಹಕ್ಕು’ ಎಂದು ಹೆಸರು. ಸಲ್ಲಿಸದೆ ನುಸುಳಿಹೋದ ಹಡಗನ್ನು ಬೆನ್ನಟ್ಟಿ, ಬಲಾತ್ಕಾರದಿಂದ ಬಂದರಿಗೆ ಎಳೆತಂದು, ಇಮ್ಮಡಿ ಸುಂಕ ಕೀಳುತ್ತಿದ್ದರು. ಮನಬಂದಷ್ಟು ದಿನ ತಡೆದಿಡುತ್ತಿದ್ದರು. ಆದುದರಿಂದ ದೊರೆಗೆ ಎರಡು ಮುಖಗಳಿದ್ದವು: ಕಡಲಿನ ಕಡೆಗೆ ಕತ್ತಿ, ಬಂದರಿನ ಒಳಗೆ ಅಭಯ. ಕತ್ತಿಯನ್ನು ಎಲ್ಲರೂ ಬಲ್ಲವರಾಗಿದ್ದರು. ಅಭಯವನ್ನು ನಂಬಿಸಲು ಮಗನನ್ನೇ ಕಳುಹಿಸಬೇಕಾಯಿತು.

ಈ ಅಭಯವನ್ನು ನಂಬಿ ದೂರದ ವರ್ತಕರು ಈ ಕರಾವಳಿಗೆ ಬರತೊಡಗಿದ್ದು ಇಬ್ನ್ ಬತೂತನ ಕಾಲದಲ್ಲಲ್ಲ. ಅವನಿಗಿಂತ ಇನ್ನೂರು ವರ್ಷ ಮೊದಲೇ ಟ್ಯುನೀಸಿಯದ ಮಹ್ದಿಯ ಪಟ್ಟಣದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ನೆಲೆಸಿದ್ದನು. 1132ರಿಂದ 1149ರವರೆಗೆ ಅವನ ಬಾಳಿನ ಬಹುಭಾಗ ಇಲ್ಲಿಯೇ ಕಳೆಯಿತು. ಕಂಚಿನ ಪಾತ್ರೆಗಳ ಕಾರ್ಖಾನೆಯೊಂದನ್ನು ನಡೆಸುತ್ತ, ಏಡನ್ನಿನ ಪಾಲುದಾರರಿಗೆ ಮೆಣಸು, ಕಬ್ಬಿಣ, ಅಡಕೆ, ಏಲಕ್ಕಿಗಳನ್ನು ಕಳುಹಿಸುತ್ತಿದ್ದನು. ಅವರಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿಗಳನ್ನು ತರಿಸಿಕೊಳ್ಳುತ್ತಿದ್ದನು. ಆಶು ಎಂಬ ದಾಸಿಯನ್ನು ಅವನು 1132ರ ಅಕ್ಟೋಬರಿನಲ್ಲಿ ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಇಂದಿಗೂ ಉಳಿದಿದೆ. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ಭಾವಿಸುತ್ತಾರೆ. ಅವನ ವ್ಯವಹಾರದ ಮೇಲೆ ಏಡನ್ನಿಗೆ ಹೋಗಿಬರುತ್ತಿದ್ದ ಊಳಿಗದವನ ಹೆಸರನ್ನು ಬೊಮ್ಮ ಎಂದು ಓದಲಾಗಿದೆ. ಈ ಕಾಗದಗಳು ಉಳಿದುದೇ ಒಂದು ಪವಾಡ. ದೇವರ ಹೆಸರಿರಬಹುದಾದ ಬರಹವನ್ನು ನಾಶಮಾಡಬಾರದೆಂಬ ನಂಬಿಕೆಯಿಂದ ಕೈರೋ ಬಳಿಯ ಬೆನ್ ಎಜ್ರ ಮಂದಿರದವರು ಹಳೆಯ ಕಾಗದಗಳನ್ನೆಲ್ಲ ಒಂದು ಕೋಣೆಯಲ್ಲಿ ತುಂಬಿಟ್ಟಿದ್ದರು. ಆ ರಾಶಿಯ ಹೆಚ್ಚಿನ ಭಾಗವನ್ನು 1896–97ರಲ್ಲಿ ಸಾಲೊಮನ್ ಷೆಕ್ಟರ್ ಕೇಂಬ್ರಿಡ್ಜಿಗೆ ಸಾಗಿಸಿದರು. ತುಳುನಾಡಿನ ಒಬ್ಬ ಊಳಿಗದವನ ಖರ್ಚಿನ ಲೆಕ್ಕ ಹೀಗೆ ನೈಲ್ ನದಿಯ ದಡದಲ್ಲಿ ಎಂಟು ಶತಮಾನ ಕಾದಿತ್ತು.

ಪರದೇಶದ ವರ್ತಕನು ಸರಕು ಮಾರಿ ಮರುದಿನವೇ ಹೊರಡುವಂತಿರಲಿಲ್ಲ. ಗಾಳಿ ಅದಕ್ಕೆ ಅವಕಾಶ ಕೊಡುತ್ತಿರಲಿಲ್ಲ. ಮುಂಗಾರಿನ ನಾಲ್ಕು ತಿಂಗಳು ಈ ತೀರದಲ್ಲಿ ಕಡಲು ಹುಚ್ಚೆದ್ದು, ಅಳಿವೆಯ ಬಾಯಿ ಹಡಗುಗಳಿಗೆ ಮುಚ್ಚಿದಂತೆಯೇ. ಮಳೆ ನಿಂತು, ಗಾಳಿ ಈಶಾನ್ಯಕ್ಕೆ ತಿರುಗಿದ ಮೇಲೆ ಅರಬ್ಬಿ ತೀರದ ಕಡೆಗೆ ಪಯಣ. ಮತ್ತೆ ಮುಂಗಾರಿನ ಗಾಳಿಯನ್ನು ಹಿಡಿದು ಇತ್ತ ಮರಳಿಕೆ. ಈ ನಡುವಿನ ತಿಂಗಳುಗಳಲ್ಲಿ ಅವನಿಗೆ ಇರಲು ಮನೆ ಬೇಕು, ಸರಕಿಗೆ ಉಗ್ರಾಣ ಬೇಕು, ಜಗಳವಾದರೆ ನ್ಯಾಯ ಹೇಳುವವರು ಬೇಕು, ಸತ್ತರೆ ಮಣ್ಣು ಮಾಡುವವರು ಬೇಕು. ಬಾರಕೂರಿನಲ್ಲಿ ಮುಸಲ್ಮಾನರ ನೆಲೆಯಿತ್ತು, ಕಾಜಿಯಿದ್ದನು, ಶುಕ್ರವಾರದ ಪ್ರಾರ್ಥನೆಗೆ ಹುಸೇನನೆಂಬ ಮುಖಂಡನು ಕಟ್ಟಿಸಿದ ಮಸೀದಿಯಿತ್ತು ಎಂದು ಇಬ್ನ್ ಬತೂತನು ಹೇಳುವುದರ ಅರ್ಥ ಇದೇ. ಮಸೀದಿ ಭಕ್ತಿಯ ತಾಣ ಮಾತ್ರವಲ್ಲ. ಪರಸ್ಥಳದವನಿಗೆ ಅದು ವಿಳಾಸವೂ ಆಗಿತ್ತು.

ಊರಿನ ಆಡಳಿತವೂ ಇದಕ್ಕೆ ಹೊಂದಿಕೊಂಡಂತೆಯೇ ಇತ್ತು. ಬಾರಕೂರು ಹತ್ತು ಕೇರಿಗಳ ಪಟ್ಟಣ. ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ, ಕೋಟೆಕೇರಿ ಎಂಬ ಹೆಸರುಗಳು ಇಂದಿಗೂ ಜನರ ನಾಲಗೆಯ ಮೇಲಿವೆ. ಕೇರಿಯ ವ್ಯವಹಾರವನ್ನು ನೋಡಿಕೊಳ್ಳುವ ಹಿರಿಯರ ಸಭೆಗೆ ಶಾಸನಗಳಲ್ಲಿ ‘ಹಲರು’ ಎಂದು ಹೆಸರು. ವರ್ತಕರಿಗೆ ಸೆಟ್ಟಿಕಾರರ ಕೂಟ, ನಖರ ಮುಂತಾದ ಸಂಘಗಳಿದ್ದವು. ಇವುಗಳ ಜೊತೆಗೆ ಕರಾವಳಿಯ ಶಾಸನಗಳಲ್ಲಿ ‘ಹಂಜಮಾನ’ ಎಂಬ ಇನ್ನೊಂದು ಮಾತು ಕಾಣುತ್ತದೆ. ಅದು ಪಾರಸಿಯ ಅಂಜುಮನ್, ಎಂದರೆ ಸಭೆ. ಕಡಲಾಚೆಯಿಂದ ಬಂದ ವರ್ತಕರ ಸಂಘಕ್ಕೆ ಆ ಹೆಸರು ಸಂದಿತು. ಪರಕೀಯರ ಮಾತೊಂದಕ್ಕೆ ಕನ್ನಡದ ಹಕಾರ ತೊಡಿಸಿ ಕಲ್ಲಿನ ಮೇಲೆ ಕೆತ್ತಿಸಿಕೊಂಡ ಸಮಾಜಕ್ಕೆ ಆ ಪರಕೀಯರು ಕೇವಲ ದಾರಿಹೋಕರಾಗಿ ತೋರಿರಲಾರರು. ವ್ಯವಹಾರ ನಡೆದ ನಾಣ್ಯಕ್ಕೂ ಊರಿನ ಹೆಸರೇ ಅಂಟಿಕೊಂಡಿತು. ‘ಬಾರಕೂರು ಗದ್ಯಾಣ’ ಶಾಸನಗಳಲ್ಲಿ ಪ್ರಸಿದ್ಧವಾದುದು.

ಹಾಗೆಂದು ಅದನ್ನು ಭೇದವೇ ಇಲ್ಲದ ಸ್ವರ್ಗವೆಂದು ಬಣ್ಣಿಸುವುದು ಸರಿಯಲ್ಲ. ಪಶ್ಚಿಮ ತೀರದ ದಾರಿಯುದ್ದಕ್ಕೂ ಅರ್ಧ ಮೈಲಿಗೊಂದರಂತೆ ಮರದ ತಂಗುಮನೆಗಳೂ ಅವುಗಳ ಬಳಿ ಬಾವಿಗಳೂ ಇದ್ದವೆಂದು ಹೊಗಳಿದ ಇಬ್ನ್ ಬತೂತನೇ ಅಲ್ಲಿಯ ಇನ್ನೊಂದು ನೋಟವನ್ನೂ ಕೊಟ್ಟಿದ್ದಾನೆ. ಹಿಂದೂ ದಾರಿಹೋಕನಿಗೆ ಪಾತ್ರೆಯಲ್ಲಿ ನೀರು. ಮುಸಲ್ಮಾನನಿಗೆ ಬೊಗಸೆಗೆ ಎರೆದ ನೀರು. ಮುಸಲ್ಮಾನರ ಮನೆಯಿಲ್ಲದ ಊರಿನಲ್ಲಿ ಅವನಿಗೆ ಅಡುಗೆ ಮಾಡಿ ಬಾಳೆಯೆಲೆಯಲ್ಲಿ ಬಡಿಸುತ್ತಿದ್ದರು. ಆದರೆ ಮನೆಯ ಪಾತ್ರೆಯನ್ನು ಅವನು ಬಳಸಿದರೆ ಅದನ್ನು ಒಡೆದುಹಾಕುತ್ತಿದ್ದರು ಇಲ್ಲವೆ ಅವನಿಗೇ ಕೊಟ್ಟುಬಿಡುತ್ತಿದ್ದರು. ನೀರು ನಿರಾಕರಿಸಲಿಲ್ಲ, ಪಾತ್ರೆ ಕೊಡಲಿಲ್ಲ. ಹಸಿವೆಗೆ ಎಲೆ ಹಾಕಿದರು, ಪಂಕ್ತಿಗೆ ಕರೆಯಲಿಲ್ಲ. ಪರಸ್ಪರ ಬೆರೆಯದ ಜನರೂ ಪರಸ್ಪರರನ್ನು ನಂಬಿ ಬಾಳಬಹುದು ಎಂಬುದಕ್ಕೆ ಈ ತೀರ ಸಾಕ್ಷಿ. ಆ ನಂಬಿಕೆಗೂ ಒಂದು ಗೆರೆಯಿತ್ತು ಎಂಬುದಕ್ಕೂ ಅದೇ ಸಾಕ್ಷಿ.

ಈ ಎಲ್ಲ ಓಡಾಟದ ಬುಡದಲ್ಲಿ ಇದ್ದುದು ಏನು? ಘಟ್ಟದ ಮೆಣಸು, ಶುಂಠಿಗಳೆಂದು ಎಲ್ಲರೂ ಹೇಳುವರು. ಸಾಸ್ತಾನ, ಬಾರಕೂರು, ಬಸರೂರುಗಳ ಸುತ್ತಲಿನ ಬಯಲನ್ನು ಕಂಡವರು ಇನ್ನೊಂದನ್ನೂ ಸೇರಿಸುವರು, ಅದು ಅಕ್ಕಿ. ಪರ್ಷಿಯ ಕೊಲ್ಲಿಯ ಬಾಯಲ್ಲಿದ್ದ ಹೊರ್ಮುಜ್ ದ್ವೀಪ ಜಗತ್ತಿನ ಸಿರಿವಂತ ಪೇಟೆಗಳಲ್ಲಿ ಒಂದಾಗಿತ್ತು; ಆದರೆ ಅಲ್ಲಿ ಒಂದು ಕಾಳು ಬೆಳೆಯುತ್ತಿರಲಿಲ್ಲ, ಕುಡಿಯುವ ನೀರಿಗೂ ಬರ. ಉಪ್ಪಿನ ಬಂಡೆಯ ಮೇಲೆ ಕುಳಿತ ಆ ವರ್ತಕರ ಊಟದ ಅಕ್ಕಿ ಕನ್ನಡ ಕರಾವಳಿಯಿಂದ ಹೋಗಬೇಕಾಗಿತ್ತು. 16ನೆಯ ಶತಮಾನದ ಆರಂಭದಲ್ಲಿ ಈ ತೀರವನ್ನು ವರ್ಣಿಸಿದ ಪೋರ್ಚುಗೀಸ್ ಬರಹಗಾರ ಬಾರ್ಬೊಸ ಇಲ್ಲಿಯ ಅಕ್ಕಿ ಹೊರ್ಮುಜ್, ಏಡನ್, ಮಲೆಯಾಳಗಳಿಗೆ ಸಾಗುತ್ತಿತ್ತೆಂದು ಬರೆದನು. ಅಕ್ಕಿಯ ತರಗತಿಗಳನ್ನೂ ಹೆಸರಿಸಿ, ಉತ್ತಮವಾದುದು ‘ಗಿರಸಾಲ್’ ಎಂದನು. ‘ಜೀರಸಾಲೆ’ಯನ್ನು ಬಲ್ಲ ರೈತನಿಗೆ ಆ ಪೋರ್ಚುಗೀಸ್ ಮಾತಿನ ಅರ್ಥ ಹೇಳಬೇಕಾಗಿಲ್ಲ. ಅತ್ತಣಿಂದ ಬರುತ್ತಿದ್ದುದು ಕುದುರೆ. ವಿಜಯನಗರದ ಅರಸರು ಬಾರಕೂರು ರಾಜ್ಯಕ್ಕೆ ಪ್ರತ್ಯೇಕ ಅಧಿಕಾರಿಯನ್ನು ನೇಮಿಸಿ ಈ ತೀರವನ್ನು ಜೋಪಾನ ಮಾಡಿದುದಕ್ಕೆ ಇದೂ ಒಂದು ಕಾರಣ. ಕೆಸರುಗದ್ದೆಯಲ್ಲಿ ಬಗ್ಗಿ ನೇಜಿ ನೆಟ್ಟವನ ಬೆವರೇ ತುಂಗಭದ್ರೆಯ ತೀರದಲ್ಲಿ ಅಶ್ವದಳವಾಗಿ ನಿಲ್ಲುತ್ತಿತ್ತು.

ಇಬ್ನ್ ಬತೂತನು ಬಂದುಹೋಗಿ ನೂರು ವರ್ಷಗಳಾದ ಮೇಲೆ, 1443ರಲ್ಲಿ, ಇನ್ನೊಬ್ಬ ರಾಯಭಾರಿ ಇಲ್ಲಿಗೆ ಬಂದನು. ಹೆರಾತಿನ ಷಾರೂಖ್ ದೊರೆಯ ದೂತ ಅಬ್ದುರ್ ರಜಾಕನು ವಿಜಯನಗರದಲ್ಲಿ ಇಮ್ಮಡಿ ದೇವರಾಯನ ವೈಭವವನ್ನು ಕಂಡು, ಮನೆಗೆ ಮರಳಲು ಕಡಲಿನ ದಾರಿ ಹಿಡಿದು ಬಾರಕೂರಿಗೆ ಇಳಿದನು. ಅಲ್ಲಿ ಅವನು ಒಬ್ಬ ವೃದ್ಧನನ್ನು ಸಂದರ್ಶಿಸಿದನು. ಪರ್ಷಿಯದ ಮಷ್ಹದ್ ಮೂಲದ ಸಯ್ಯದ್ ಅಲಾವುದ್ದೀನ್ ಎಂಬ ಆ ಮುದುಕನ ವಯಸ್ಸು ನೂರಿಪ್ಪತ್ತು ಎಂದು ಜನ ಹೇಳುತ್ತಿದ್ದರು. ವಯಸ್ಸಿನ ಲೆಕ್ಕ ಹೇಗಾದರೂ ಇರಲಿ. ಮುಸಲ್ಮಾನರೂ ಹಿಂದೂಗಳೂ ಅವನನ್ನು ಸಮಾನವಾಗಿ ಗೌರವಿಸುತ್ತಿದ್ದರು, ಅವನ ಮಾತನ್ನು ಪ್ರಮಾಣವೆಂದು ಎಣಿಸುತ್ತಿದ್ದರು ಎಂಬುದು ಮುಖ್ಯ. ಬೊಗಸೆಗೆ ನೀರೆರೆಯುತ್ತಿದ್ದ ತೀರದಲ್ಲಿಯೇ ಪರದೇಶದ ಮುದುಕನೊಬ್ಬನ ಮಾತಿಗೆ ಊರು ತಲೆಬಾಗುತ್ತಿತ್ತು. ಮೊದಲ ದಿನ ಒತ್ತೆಯಾಳಿನಿಂದ ಆರಂಭವಾದ ನಂಬಿಕೆ ಬಹುಕಾಲದ ಒಡನಾಟದಿಂದ ಎಲ್ಲಿಗೆ ಮುಟ್ಟಬಲ್ಲದೋ ಅಲ್ಲಿಗೆ ಮುಟ್ಟಿತ್ತು.

ಬಾರಕೂರಿನ ಹಳೆಯ ಐತಿಹ್ಯವೂ ಹಡಗಿನ ಕಥೆಯೇ ಆಗಿದೆ. ದೇವಪಾಂಡ್ಯನೆಂಬವನು ಹಡಗು ಕಟ್ಟಿಸಿ ಸರಕು ತುಂಬಿಸಿದಾಗ ಕುಂಡೋದರನೆಂಬ ಭೂತರಾಜನು ನರಬಲಿ ಕೇಳಿದನಂತೆ. ದೇವಪಾಂಡ್ಯನ ಹೆಂಡತಿ ತನ್ನ ಮಕ್ಕಳಲ್ಲಿ ಒಬ್ಬನನ್ನೂ ಕೊಡಲೊಪ್ಪದೆ ತೌರಿಗೆ ಹೋದಳು. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಮುಂದಿಟ್ಟಳು. ಮೆಚ್ಚಿದ ಭೂತವು ಹುಡುಗನನ್ನು ಉಳಿಸಿ, ಭೂತಾಳಪಾಂಡ್ಯನೆಂದು ಹೆಸರಿಟ್ಟು ರಾಜ್ಯವನ್ನು ಕೊಡಿಸಿತು; ಅಂದಿನಿಂದ ಆಸ್ತಿ ಅಳಿಯನಿಗೆ ಸಂದಿತು. ಅಳಿಯಸಂತಾನದ ಕಟ್ಟಿಗೆ ಜನ ಕಂಡುಕೊಂಡ ಕಾರಣ ಇದು. ಇದನ್ನು ಇತಿಹಾಸವೆಂದು ಎಣಿಸಬೇಕಾಗಿಲ್ಲ. ಆದರೆ ಮನೆಯ ಹುಡುಗನನ್ನು ಪಣವಿಡದೆ ಹಡಗು ಕದಲದು ಎಂಬ ಭಾವನೆ ಈ ಹೊಳೆಬಾಯಿಯ ಜನರ ಮನಸ್ಸಿನಲ್ಲಿ ಎಷ್ಟು ಆಳವಾಗಿ ಬೇರೂರಿತ್ತೆಂಬುದನ್ನು ಅದು ತಿಳಿಸುತ್ತದೆ.

ಕಡಲಿನ ಕಟ್ಟಳೆ ಬದಲಾದುದು 1498ರ ನಂತರ. ವಾಸ್ಕೊ ಡ ಗಾಮನ ಹಿಂದೆ ಬಂದ ಪೋರ್ಚುಗೀಸರು ಒಂದು ಊರಿನ ಬಂದರಿಗಲ್ಲ, ಇಡೀ ಕಡಲಿಗೇ ಒಡೆತನ ಸಾರಿದರು. ಅವರ ರಹದಾರಿ ಚೀಟಿಯಿಲ್ಲದ ಹಡಗು ಅವರ ಕಣ್ಣಿಗೆ ಬಿದ್ದರೆ ಸೂರೆಯೇ ಗತಿ. ಬಂದರಿನ ಹಕ್ಕು ಕೇಳುತ್ತಿದ್ದ ಹಳೆಯ ದೊರೆಯೂ ಸುಲಿಯುತ್ತಿದ್ದನು, ಸಂದೇಹವಿಲ್ಲ. ಆದರೆ ಅವನಿಗೆ ಕೊಟ್ಟ ಕಾಣಿಕೆಗೆ ಪ್ರತಿಯಾಗಿ ಒಂದು ಬಂದರು, ಒಂದು ಪೇಟೆ, ಮೂರು ದಿನದ ಊಟ ದೊರೆಯುತ್ತಿತ್ತು. ಹೊಸಬರ ಚೀಟಿಗೆ ಪ್ರತಿಯಾಗಿ ದೊರೆಯುತ್ತಿದ್ದುದು ಅವರಿಂದಲೇ ಅಪಾಯವಿಲ್ಲವೆಂಬ ಮಾತು ಮಾತ್ರ. 1526ರಲ್ಲಿ ಲೋಪೊ ವಾಜ್ ದ ಸಂಪಾಯೊ ಇದೇ ಬಾರಕೂರಿನ ಹೊಳೆಯಲ್ಲಿ ಕಲ್ಲಿಕೋಟೆಯ ನೌಕೆಗಳ ಮೇಲೆ ಬಿದ್ದು ಅವನ್ನು ನಾಶಮಾಡಿದನು. 1569ರಲ್ಲಿ ಬಸರೂರು ಅವರ ಕೈವಶವಾಗಿ ಅಲ್ಲಿ ಕೋಟೆ ಎದ್ದಿತು. ಅತಿಥಿಗಾಗಿ ಮಗನನ್ನು ಒತ್ತೆಯಿಟ್ಟ ನೀರಿನಲ್ಲಿ ಫಿರಂಗಿಯ ಗುಂಡು ಮಾತನಾಡತೊಡಗಿತು.

ಈಗ ಬಾರಕೂರಿನಲ್ಲಿ ಕತ್ತಲೆ ಬಸದಿಯ ಕಲ್ಲುಗಳೂ ದೇವಾಲಯಗಳೂ ಉಳಿದಿವೆ. ವರುಷದ ದಿನಗಳಷ್ಟು ಗುಡಿಗಳಿದ್ದವೆಂಬ ಮಾತು ಉಳಿದಿದೆ. ಹಂಜಮಾನದ ಹೆಸರು ಶಾಸನ ಓದುವವರಿಗಷ್ಟೇ ತಿಳಿದಿದೆ. ಆದರೆ ಪಾರಸಿಯಿಂದ ಬಂದ ‘ಬಂದರು’ ಎಂಬ ಶಬ್ದ ಮಾತ್ರ ಪರದೇಶದ್ದೆಂಬ ಗುರುತೇ ಇಲ್ಲದಂತೆ ಎಲ್ಲರ ಬಾಯಲ್ಲಿ ಇದೆ. ಹಂಗಾರಕಟ್ಟೆಯಲ್ಲಿ ಹೊಳೆ ದಾಟಲು ನಿಂತವನು ದಿನವೂ ಅದನ್ನು ಆಡುತ್ತಾನೆ. ಅವನೆದುರಿನ ಆ ನೀರಿನಲ್ಲಿಯೇ ಒಂದು ದಿನ ಭಾಷೆ ತಿಳಿಯದ ಅಬಿಸೀನಿಯದ ಭಟರ ನಡುವೆ ಒಬ್ಬ ರಾಜಕುಮಾರನು ಕುಳಿತು, ತಂದೆಯ ಮಾತು ದಡದಲ್ಲಿ ಉಳಿಯಲೆಂದು ಮೂರು ದಿನ ಕಾದಿದ್ದನು. ಮಾತು ಉಳಿಯಿತು, ಅವನು ಮನೆಗೆ ಮರಳಿದನು. ಹಡಗುಗಳು ಪಟ ಬಿಚ್ಚಿ ಮಂಗಳೂರಿನ ಕಡೆಗೆ ತೆರಳಿದವು.